ಚಿಕ್ಕತಾಯಮ್ಮನ ಕೈಗಳು

ಚಿಕ್ಕತಾಯಮ್ಮ ನನ್ನನ್ನು ಎಲ್ಲಿ ಕಂಡರೂ ಎರಡೂ ಕೈ ಚಾಚುತ್ತಿದ್ದಳು. ಮೊದಲು ಅಂಗೈ, ಆಮೇಲೆ ಮುಂಗೈ. ನರಸೀಪುರದ ಸಂತೆಯಲ್ಲಿ ಸಿಕ್ಕರೂ ತರಕಾರಿ ಚೀಲ ಕೆಳಗಿಟ್ಟು, "ನೋಡ್ಕಳಿ ಮೇಡಂ, ಏನೂ ಇಲ್ಲ" ಎಂದು ನಗುತ್ತಿದ್ದಳು.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ನಂಜನಗೂಡಿನ ಕೈಗಾರಿಕಾ ಪ್ರದೇಶದ ದೊಡ್ಡ ತಿಂಡಿ ಕಂಪನಿಯೊಂದರಲ್ಲಿ ಸೂಪರ್‌ವೈಸರ್. ಪ್ಯಾಕಿಂಗ್ ವಿಭಾಗದ ಹೆಂಗಸರ ಕೈ ನೋಡಿ ಒಳಗೆ ಬಿಡುವುದು ದಿನದ ಮೊದಲ ಕೆಲಸ. ಪೊಟ್ಟಣಕ್ಕೆ ಗಾಜಿನ ಚೂರು ಬೀಳಬಾರದೆಂದು ಬಳೆ ಹಾಕುವಂತಿರಲಿಲ್ಲ, ಹೂವೂ ಮುಡಿಯುವಂತಿರಲಿಲ್ಲ. ಕಟ್ಟುನಿಟ್ಟಿನಲ್ಲೇ ಬೆಳೆದ ನನಗೆ ಅದು ಸರಿಯೆನಿಸಿತ್ತು. ಚಿಕ್ಕತಾಯಮ್ಮ ಮುಡಿದು ಬಂದ ಮಲ್ಲಿಗೆಯನ್ನು ಕಂಪನಿ ಬಸ್ಸಿನ ಕಿಟಕಿ ಸರಳಿಗೆ ಕಟ್ಟಿ ಇಳಿಯುತ್ತಿದ್ದಳು. ಸಂಜೆ ಆ ಬಾಡಿದ ಹೂವನ್ನೇ ಮುಡಿದು ಸೋಸಲೆಗೆ ಹೊರಡುತ್ತಿದ್ದಳು. ಗಾಜಿನ ಬಳೆಗಳನ್ನು ಹಾಗೆ ದಿನವೂ ಕಳಚಿ ಮತ್ತೆ ತೊಡಲಾಗದು, ಒಡೆಯುತ್ತವೆ. ಅವಳು ಬಳೆಯನ್ನೇ ಬಿಟ್ಟಳು.

ಮನೆಯಲ್ಲಿ ಅದೇ ಜಗಳ. ಗಂಡನ ಎರಡೂ ಕಿಡ್ನಿ ಕೆಟ್ಟಿದ್ದವು. ಸೊಸೆಯ ಬೋಳು ಕೈಯಿಂದಲೇ ಮಗನಿಗೆ ಹೀಗಾಯಿತೆಂದು ಅತ್ತೆ ದಿನವೂ ಚುಚ್ಚುತ್ತಿದ್ದಳಂತೆ. ತಾನು ಕೊಟ್ಟ ಉತ್ತರವನ್ನು ಚಿಕ್ಕತಾಯಮ್ಮ ಒಮ್ಮೆ ಊಟದ ಹೊತ್ತಿನಲ್ಲಿ ನಮಗೆ ಹೇಳಿದಳು:

"ಬಳೆ ಇಕ್ಕಂಡ್ರೆ ಕೆಲ್ಸ ಓಯ್ತದೆ, ಕೆಲ್ಸ ಓದ್ರೆ ಇಎಸ್‌ಐ ಕಾರ್ಡು ಓಯ್ತದೆ. ಮೈಸೂರಲ್ಲಿ ಡಯಾಲಿಸಿಸ್ ಯಾರ್ ಮಾಡ್ಸರು? ನಿಮ್ಮ ಮಗನ್ನ ಉಳಿಸ್ಕಂಡಿರಾದೇ ಈ ಬೋಳು ಕೈ ಕಣತ್ತೆ ಅಂದೆ."

ಎಲ್ಲರೂ ನಕ್ಕರು. ಅವಳು ಅನ್ನ ಕಲೆಸುತ್ತಲೇ ಇದ್ದಳು. ಗಂಡನನ್ನು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದವನು ಮೈದುನ. ಅವಳ ರಜೆಗಳೆಲ್ಲ ಎಂದೋ ಮುಗಿದಿದ್ದವು. ಆಸ್ಪತ್ರೆಯ ಬಾಗಿಲು ತೆರೆಸಿದ್ದ ಕೆಲಸವೇ ಗಂಡನ ಹಾಸಿಗೆಯ ಪಕ್ಕ ಕೂರಲು ಅವಳನ್ನು ಬಿಡುತ್ತಿರಲಿಲ್ಲ.

ಅವನು ತೀರಿಕೊಂಡಾಗಲೂ ಅವಳು ಶಿಫ್ಟಿನಲ್ಲಿದ್ದಳು. ಗೇಟಿಗೆ ಫೋನ್ ಬಂತು. ಸುದ್ದಿ ಹೇಳಿದವಳು ನಾನೇ. ತಲೆಯ ಟೋಪಿ ಕಳಚಿ, ಮಡಿಸಿ, ನನ್ನ ಕೈಗಿಟ್ಟು ಹೋದಳು.

ಮರುದಿನ ಬೆಳಿಗ್ಗೆ ನಾನು ಸೋಸಲೆಗೆ ಹೋದೆ. ಹೆಣ ಎತ್ತುವ ಮುಂಚೆ ಹೆಂಗಸರು ಅವಳಿಗೆ ಅಗಲ ಕುಂಕುಮವಿಟ್ಟು, ತಲೆ ತುಂಬ ಹೂ ಮುಡಿಸಿ, ಎರಡೂ ಕೈಗೆ ಹಸಿರು ಗಾಜಿನ ಬಳೆ ತೊಡಿಸಿ ಕೂರಿಸಿದ್ದರು. ಒಡೆಯುವ ಶಾಸ್ತ್ರಕ್ಕೆ ಬಳೆ ಬೇಕಲ್ಲ. ತರಿಸಿದವಳು ಅತ್ತೆ.

ಅದೇ ನಮ್ಮ ಕೊನೆಯ ಭೇಟಿ. ಕಾರ್ಡು ಯಾರಿಗೆ ಬೇಕಿತ್ತೋ ಅವನೇ ಇಲ್ಲವಾದ ಮೇಲೆ ಅವಳು ಮತ್ತೆ ಕೆಲಸಕ್ಕೆ ಬರಲಿಲ್ಲ. ಆದರೆ ಅಂದು ಜನರ ನಡುವೆ ನನ್ನನ್ನು ಕಂಡವಳೇ ಎರಡೂ ಕೈ ಚಾಚಿದಳು. ಮೊದಲು ಅಂಗೈ, ಆಮೇಲೆ ಮುಂಗೈ. ಬಳೆಗಳು ಸದ್ದು ಮಾಡಿದವು.

"ನೋಡ್ಕಳಿ ಮೇಡಂ," ಎಂದಳು.