ಎಡಗಡೆಯ ಸೀಟು

೨೦೨೨ರಲ್ಲಿ ನಾನು ಗದ್ವಾಲದ ಒಂದು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದೆ. ಮಕ್ತಲ್‌ನ ಬಸಣ್ಣ ನನ್ನ ಬಳಿ ಬಂದದ್ದು ಆ ವರ್ಷವೇ. ಅವರು ಮಕ್ತಲ್, ನಾರಾಯಣಪೇಟೆ ನಡುವೆ ಬಾಡಿಗೆ ಜೀಪು ಓಡಿಸುತ್ತಿದ್ದರು. ಎಲ್ಲರೂ ಉಸ್ತಾದ್ ಎಂದೇ ಕರೆಯುತ್ತಿದ್ದರು. ಜೀಪಿನ ಮೇಲೆ ಸಾಮಾನು ಕಟ್ಟುವಾಗ ಕೆಳಗೆ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿತ್ತು. ಸೊಂಟದಿಂದ ಕೆಳಗೆ ಬಲವೂ ಇರಲಿಲ್ಲ, ಸ್ಪರ್ಶವೂ ಇರಲಿಲ್ಲ. ತೋಳುಗಳು ಮಾತ್ರ ಗಟ್ಟಿಯಾಗಿದ್ದವು.

ಇಂಥವರಿಗೆ ನಾವು ಕಲಿಸುವ ಮುಖ್ಯ ವಿದ್ಯೆಯ ಹೆಸರು ಟ್ರಾನ್ಸ್‌ಫರ್. ಗಾಲಿಕುರ್ಚಿಗೂ ಮಂಚಕ್ಕೂ ನಡುವೆ ನುಣುಪಾದ ಹಲಗೆಯಿಟ್ಟು, ಕೈಬಲದಿಂದ ಮೈಯನ್ನು ಎತ್ತಿ ಎತ್ತಿ ಜರುಗುವುದು. ಕಾರನ್ನೂ ಹಾಗೆಯೇ ಹತ್ತಬಹುದು. ಅದಕ್ಕೆ ಮುಂದಿನ ಎಡ ಸೀಟು ಅನುಕೂಲ. ಅಲ್ಲಿ ಬಾಗಿಲು ಅಗಲವಾಗಿ ತೆರೆಯುತ್ತದೆ, ಸೀಟು ಹಿಂದಕ್ಕೆ ಸರಿಯುತ್ತದೆ. ಬಸಣ್ಣ ಮಾತ್ರ ಒಪ್ಪಲಿಲ್ಲ.

"ಅದು ಕ್ಲೀನರ್ ಸೀಟು, ಅಕ್ಕಾರ. ಸ್ಟೇರಿಂಗ್ ಹಿಡದ ಮ್ಯಾಲ ಆ ಕಡೆ ಕುಂತಿಲ್ಲ ನಾ."

ಹಾಗಾಗಿ ಪ್ರತಿ ಸಲವೂ ಇಬ್ಬರು ಸೇರಿ ಅವರನ್ನು ಹಿಂದಿನ ಬಾಗಿಲಿನಿಂದ ಒಳಗೆ ಎಳೆಯುತ್ತಿದ್ದರು. ಚರ್ಮ ತರಚಿದರೂ ಅವರಿಗೆ ತಿಳಿಯುತ್ತಿರಲಿಲ್ಲ. ಗಾಯ ಆಳವಾದರೆ ತಿಂಗಳುಗಟ್ಟಲೆ ಬೋರಲು ಮಲಗಬೇಕಾಗುತ್ತಿತ್ತು. ಮನೆಯಲ್ಲೂ ಹಲಗೆ ಗೋಡೆಗೆ ಒರಗಿಕೊಂಡೇ ಇತ್ತು. "ಗಾಡಿ ಹತ್ತಾಕ ಬ್ಯಾಡಾದ ವಿದ್ಯೆ ಮಂಚ ಹತ್ತಾಕ ಯಾಕ್ರಿ?" ಎನ್ನುತ್ತಿದ್ದರು. ಎತ್ತುತ್ತಿದ್ದವರು ಹೆಂಡತಿ ನಾಗಮ್ಮ. ಎತ್ತಿ ಎತ್ತಿ ಆಕೆಯ ಬಲಭುಜ ಕೆಟ್ಟಿತ್ತು, ಕೈ ತಲೆಯ ಮಟ್ಟಕ್ಕೆ ಏಳುತ್ತಿರಲಿಲ್ಲ. ಅವರನ್ನು ಬಿಟ್ಟು ಆಕೆ ಎಲ್ಲಿಗೂ ಹೋಗುವಂತಿರಲಿಲ್ಲ. ಆ ಭುಜ ಪೂರ್ತಿ ಸೋತರೆ ಇಬ್ಬರ ಬದುಕೂ ಒಂದೇ ಕೋಣೆಯಲ್ಲಿ ನಿಂತುಬಿಡುತ್ತದೆ ಎಂಬುದು ನನ್ನ ಭಯವಾಗಿತ್ತು.

ಬಸಣ್ಣನಿಗೆ ಒಂದು ಆಸೆಯಿತ್ತು, ಕಾರು ಹುಟ್ಟುವ ಜಾಗ ನೋಡಬೇಕೆಂಬುದು. ಹಿಂದೆ ಅವರ ಜೀಪಿನಲ್ಲಿ ಓಡಾಡುತ್ತಿದ್ದ ಒಬ್ಬರು ದೂರದ ಒಂದು ಕಾರು ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದರು. ಅವರೇ ಅನುಮತಿ ಕೊಡಿಸಿದರು. ಅಷ್ಟು ಹೊತ್ತು ಕೂತರೆ ಚರ್ಮಕ್ಕೆ ಏನಾದೀತೋ ಎಂದು ರಜೆ ಹಾಕಿ, ಹಲಗೆಯನ್ನೂ ಕಾರಿನಲ್ಲಿ ಇರಿಸಿಕೊಂಡು ಅವರಿಬ್ಬರ ಜೊತೆ ನಾನೂ ಹೊರಟೆ.

ಕಾರ್ಖಾನೆಯೊಳಗೆ ಹಳದಿ ಗೆರೆಗಳ ನಡುವೆಯೇ ಸಾಗಬೇಕಿತ್ತು. ಬಾಗಿಲಿಲ್ಲದ ಕಾರುಗಳು ಒಂದರ ಹಿಂದೆ ಒಂದು ನಿಧಾನವಾಗಿ ಬರುತ್ತಿದ್ದವು. ಒಂದು ಕಡೆ ಯಂತ್ರದ ತೋಳು ಸೀಟನ್ನು ಹಿಡಿದೆತ್ತಿ, ಎಲ್ಲಿಯೂ ತಾಗಿಸದೆ ಒಳಗಿಡುತ್ತಿತ್ತು. ಬಸಣ್ಣ ಕುರ್ಚಿ ನಿಲ್ಲಿಸಲು ಹೇಳಿದರು.

"ನೋಡ್ರಿ ಅಕ್ಕಾರ, ಸೀಟಿಗೆ ಎಷ್ಟು ಮರ್ಯಾದಿ. ನನ್ನ ನೋಡಿದ್ರ ಜ್ವಾಳದ ಚೀಲದಂಗ ಎಳಿತೀರಿ."

"ನಿಮಗೂ ಅಂಥಾದೊಂದು ಕೈ ತರಸೂಣೇನ್ರಿ?" ಎಂದರು ನಾಗಮ್ಮ. "ನನ್ನ ಕೈಯಂತೂ ಮುಗದಾವ."

ಆಕೆ ನಗುತ್ತಲೇ ಹೇಳಿದ್ದು. ಬಸಣ್ಣ ನಗಲಿಲ್ಲ. ಆಕೆಯ ಭುಜವನ್ನು ನೋಡುತ್ತ ಕೂತರು.

ಕಾರ್ಖಾನೆಗೆ ಸೇರಿದಂತೆ ಹಳೆಯ ಕಾರುಗಳ ಮ್ಯೂಸಿಯಂ ಇತ್ತು. ಒಂದನ್ನೂ ಮುಟ್ಟುವಂತಿಲ್ಲ. ಅಂಗಳದಲ್ಲಿದ್ದ, ಮೇಲ್ಛಾವಣಿ ಇಲ್ಲದ ಒಂದು ವಿದೇಶಿ ಕಾರಿನಲ್ಲಿ ಮಾತ್ರ ಕೂತು ಫೋಟೊ ತೆಗೆಸಿಕೊಳ್ಳಬಹುದಿತ್ತು. ಅದರ ಸ್ಟೇರಿಂಗ್ ಎಡಗಡೆಗಿತ್ತು.

ಬಸಣ್ಣ ಅದರ ಸುತ್ತ ಎರಡು ಸಲ ಕುರ್ಚಿ ತಿರುಗಿಸಿದರು.

"ಇವರ ದೇಶದಾಗ ಉಸ್ತಾದ್ ಈ ಕಡೆ ಕುಂದ್ರತಾನೇನ್ರಿ?"

"ಹೌದು," ಎಂದರು ಮ್ಯೂಸಿಯಂ ನೋಡಿಕೊಳ್ಳುವವರು.

"ಮತ್ತ ಕ್ಲೀನರ್?"

"ಬಲಕ್ಕೆ."

ಬಸಣ್ಣ ಕುರ್ಚಿಯನ್ನು ಎಡಬಾಗಿಲ ಪಕ್ಕಕ್ಕೆ ತಂದು ನಿಲ್ಲಿಸಿದರು. ಆಮೇಲೆ, "ನಾಗೀ, ಹಲಗಿ ತಾ," ಎಂದರು.

ಆ ಸೀಟು ಗಾಲಿಕುರ್ಚಿಗಿಂತ ಎತ್ತರವಿತ್ತು. ಮೇಲಕ್ಕೆ ಜರುಗುವುದು ಕಷ್ಟ. ತಿಂಗಳುಗಳಿಂದ ಅಭ್ಯಾಸ ಬಿಟ್ಟವರಿಗೆ ಅಪಾಯ. ಬೇಡವೆನ್ನಬೇಕಿತ್ತು. ಆದರೂ ಕುರ್ಚಿಯ ಬ್ರೇಕ್ ಹಾಕಿ ಅವರ ಹಿಂದೆ ನಿಂತೆ. ಅವರು ಮುಷ್ಟಿಯೂರಿ ಮೈ ಎತ್ತಿದರು, ಒಂದು ಗೇಣು ಜರುಗಿದರು. ಮತ್ತೊಮ್ಮೆ ಎತ್ತಿದಾಗ ಹಲಗೆ ಸರಿಯಿತು. ಮೈ ಹೊರಕ್ಕೆ ವಾಲಿತು. ನನ್ನ ಕೈಗಳು ಮುಂದೆ ಹೋದವು. ನಾಗಮ್ಮ ನನ್ನ ಮಣಿಕಟ್ಟು ಹಿಡಿದು ತಡೆದರು.

"ತಡೀರಿ ಅಕ್ಕಾರ. ಹತ್ತತಾರ."

ಬಸಣ್ಣ ಸ್ಟೇರಿಂಗನ್ನು ಹಿಡಿದು ಮೈಯನ್ನು ಒಳಕ್ಕೆ ಎಳೆದುಕೊಂಡರು. ಕೂತರು. ಆಮೇಲೆ ಒಂದೊಂದೇ ಕಾಲನ್ನು ಕೈಯಿಂದ ಎತ್ತಿ ಒಳಗಿಟ್ಟುಕೊಂಡರು. ಬೆವರು ಒರೆಸಿಕೊಂಡು ಹೆಂಡತಿಯನ್ನು ಕರೆದರು.

"ಬಾ, ಬಾಜೂಕ ಕುಂದ್ರ. ಇವತ್ತ ಪ್ಯಾಸೆಂಜರ್ ಯಾರೂ ಇಲ್ಲ."

ಜೀಪಿಗೆ ಕ್ಲೀನರ್ ಇರಲಿಲ್ಲ, ಅದರ ಮುಂದಿನ ಸೀಟು ಯಾವಾಗಲೂ ಬಾಡಿಗೆಯವರಿಗೆ ಮೀಸಲಾಗಿತ್ತು. ಮದುವೆಯಾದಂದಿನಿಂದ ನಾಗಮ್ಮ ಹಿಂದೆಯೇ ಕೂತವರು. ಆಕೆ ಸೆರಗು ಸರಿಮಾಡಿಕೊಂಡು ಬಲಗಡೆಯಿಂದ ಹತ್ತಿದರು. ಫೋಟೊ ತೆಗೆಯಲು ಮೊಬೈಲ್ ಎತ್ತಿದೆ. ಕಣ್ಣು ಮಂಜಾಗಿ ಮೊದಲನೆಯದು ಅಲುಗಿಬಿಟ್ಟಿತು.

ಹೊರಡುವಾಗ ಬಸಣ್ಣ ತಾವೇ ನಮ್ಮ ಕಾರಿನ ಮುಂದಿನ ಎಡ ಬಾಗಿಲು ತೆಗೆಸಿದರು. "ಕುಂದ್ರತೀನಿ. ಆದ್ರ ಗ್ಲಾಸ್ ಒರಸು ಅಂತ ಯಾರೂ ಹೇಳಬ್ಯಾಡ್ರಿ," ಎಂದರು.

ಅದಾದ ಕೆಲವು ತಿಂಗಳಿಗೆ ಅವರು ಆಸ್ಪತ್ರೆಗೆ ಬಾಡಿಗೆ ಕಾರಿನಲ್ಲಿ ಒಬ್ಬರೇ ಬಂದರು. ತೊಡೆಯ ಮೇಲೆ ಹಲಗೆಯಿತ್ತು. ನಾಗಮ್ಮ ಎಲ್ಲಿ ಎಂದು ಗಾಬರಿಯಿಂದಲೇ ಕೇಳಿದೆ.

"ಐಜ ಊರಿಗೆ ಹೋಗ್ಯಾಳ್ರಿ, ತವರಿಗೆ. ವಾರ ಆತು. ಬಾ ಅಂದ್ರ ಇನ್ನೂ ನಾಕು ದಿನ ಇರತೀನಿ ಅಂತಾಳ."

ದೂರುವಂತೆಯೇ ಹೇಳಿದರು, ಮುಖದಲ್ಲಿ ಮಾತ್ರ ದೂರಿರಲಿಲ್ಲ. ಕೀಲು, ಸ್ನಾಯುಗಳ ಲೆಕ್ಕ ನನಗೆ ಕಾಲೇಜಿನಲ್ಲೇ ಕಲಿಸಿದ್ದರು. ಒಬ್ಬರ ಮೈಗೆ ಬಲ ಬಂದರೆ ಮನೆಯ ಇನ್ನೊಬ್ಬರಿಗೆ ದಾರಿ ತೆರೆಯುತ್ತದೆ ಎಂಬುದನ್ನು ಈ ಕೆಲಸ ಕಲಿಸಿತು. ಈಗ ರೋಗಿಯ ಜೊತೆ ಬಂದವರಿಗೂ ಒಂದು ಕುರ್ಚಿ ಹಾಕಿಸಿ, ನಿಮಗೆ ಎಲ್ಲಿಗೆ ಹೋಗಬೇಕೆಂದಿದೆ ಎಂದು ಕೇಳುತ್ತೇನೆ.