ಸೊನ್ನೆ ತೋರಿಸದ ಡಬ್ಬಿ

ನಮ್ಮ ಕಡೆ ಖಂಡೆಪೂಜೆಯ ದಿನ, ಅಂದರೆ ಆಯುಧಪೂಜೆಯಂದು, ದುಡಿಯುವ ಸಾಮಾನನ್ನೆಲ್ಲ ತೊಳೆಯುತ್ತಾರೆ. ಟ್ರ್ಯಾಕ್ಟರು, ಹೊಲಿಗೆ ಯಂತ್ರ, ತಕ್ಕಡಿ, ಕುಡಗೋಲು, ಯಾವುದನ್ನೂ ಬಿಡುವುದಿಲ್ಲ. ತೊಳೆದು, ವಿಭೂತಿ ಎಳೆದು, ಕುಂಕುಮ ಹಚ್ಚಿ, ಮೇಲೊಂದು ಚೆಂಡುಹೂವು ಏರಿಸುತ್ತಾರೆ. ಸಿಂದಗಿಯಲ್ಲೇ ಹುಟ್ಟಿ ಬೆಳೆದ ನಾನು ಇದನ್ನು ಮರೆತು ಒಂದು ಯಂತ್ರ ಮಾಡಿದೆ. ಇಂಥ ದಡ್ಡತನಕ್ಕೆ ಓದಿದವರೇ ಬೇಕು.

ಅದು ವಿಕಿರಣ ಅಳೆಯುವ ಡಬ್ಬಿ, ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಮೋಟಾರು ಸುತ್ತುವ ಅಂಗಡಿಯ ಮೇಲಿನ ಬಾಡಿಗೆ ಕೋಣೆಯಲ್ಲಿ ಕೂತು ಅದನ್ನು ಮಾಡಿದ್ದೆ. ಎಕ್ಸ್‌ರೇ ತೆಗೆಯುವವರ ಮೈಮೇಲೆ ಒಟ್ಟು ಎಷ್ಟು ಕಿರಣ ಬಿತ್ತು ಎಂದು ಅದು ಕೂಡಿಸಿ ಹೇಳಬೇಕು. ಮುದ್ದೇಬಿಹಾಳದ ಹಲ್ಲಿನ ಡಾಕ್ಟರಿಗೆ ಗೋಡೆಯಾಚೆ ಕಿರಣ ಸೋರುತ್ತಿದೆಯೇ ಎಂದು ನೋಡಿಕೊಡಬೇಕು. ತಾಳಿಕೋಟೆಯ ಗುಜರಿ ಅಂಗಡಿಯವರಿಗೆ ಹಳೆ ಕಬ್ಬಿಣದಲ್ಲಿ ಕಿರಣ ಸೂಸುವಂಥದ್ದೇನಾದರೂ ಇದ್ದರೆ ಕೂಗಿದರೆ ಸಾಕು. ಒಂದೇ ಡಬ್ಬಿ, ಮೂರು ಕೆಲಸ. ಕೆಲಸ ಬದಲಿಸಲು ಪಕ್ಕದಲ್ಲೊಂದು ಸ್ವಿಚ್ ಇಟ್ಟು, ಜಾಣೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮೊದಲ ಡಬ್ಬಿ ಇಂಡಿ ಪಟ್ಟಣದ ಒಂದು ಎಕ್ಸ್‌ರೇ ಕೇಂದ್ರಕ್ಕೆ ಹೋಯಿತು. ಅಲ್ಲಿ ಎಕ್ಸ್‌ರೇ ತೆಗೆಯುವ ಹೆಣ್ಣುಮಗಳು ಆಗ ಐದು ತಿಂಗಳ ಬಸುರಿ. ಕೆಲಸ ಬಿಡುವ ಮನಸ್ಸು ಆಕೆಗಿರಲಿಲ್ಲ. ಡಬ್ಬಿ ಜೊತೆಗಿದ್ದರೆ ಧೈರ್ಯ ಎಂದಿದ್ದಳು. ಖಂಡೆಪೂಜೆಯ ದಿನ ದೊಡ್ಡ ಯಂತ್ರವನ್ನು ಒರೆಸಿದಳು, ಚಿಕ್ಕ ಡಬ್ಬಿಯನ್ನು ನಲ್ಲಿಯ ಕೆಳಗೆ ಹಿಡಿದು ತೊಳೆದಳು. ಸ್ವಿಚ್ಚಿನ ಸಂದಿಯಿಂದ ನೀರು ಒಳಗೆ ಹೋಗಿ ಕಿರಣ ಹಿಡಿಯುವ ಕೊಳವೆ ಸತ್ತಿತು. ಮುಖದ ಮೇಲಿನ ಅಂಕಿ ಮಾತ್ರ ಉರಿಯುತ್ತಲೇ ಇತ್ತು, ಸೊನ್ನೆ ಎಂದು. ಒಂಬತ್ತು ದಿನ ಆಕೆ ಆ ಸೊನ್ನೆಯನ್ನು ನಂಬಿ ಕೆಲಸ ಮಾಡಿದಳು.

ಒಂಬತ್ತನೆಯ ದಿನ ನಾನು ಸುಮ್ಮನೆ ನೋಡಿಬರಲು ಹೋದಾಗ, ಎಕ್ಸ್‌ರೇ ತೆಗೆದರೂ ಅಂಕಿ ಕದಲದ್ದನ್ನು ಕಂಡೆ, ಸಂಗತಿ ಬಯಲಾಯಿತು.

"ಸೊನ್ನಿ ಐತಿ ಅಂದ್ರ ಛಲೋನ ಐತಿ ಅಂದ್ಕೊಂಡಿದ್ನಿರಿ ಅಕ್ಕಾರ," ಎಂದಳು. ಕೈ ಹೊಟ್ಟೆಯ ಮೇಲಿತ್ತು. "ಕೂಸಿಗೇನರ ಆಗಿರತೈತೇನ್ರಿ?"

ಎದೆಯ ಮೇಲೆ ಆಕೆ ಧರಿಸುತ್ತಿದ್ದ ಬ್ಯಾಡ್ಜೂ ಕಿರಣದ ಲೆಕ್ಕ ಇಡುತ್ತದೆ, ಆದರೆ ಪರೀಕ್ಷೆಗೆ ಕಳಿಸಿದ ಮೇಲಷ್ಟೇ ಹೇಳುತ್ತದೆ; ಅದನ್ನು ಕಳಿಸಿ ಕಾದೆವು. ಕೊನೆಗೆ ಹೆದರುವಂಥದ್ದೇನೂ ಇಲ್ಲ ಎಂದು ವರದಿ ಬಂತು. ಅದು ಆಕೆ ಮರೆಗೆ ನಿಲ್ಲುವ ಸೀಸದ ಗೋಡೆಯ ಪುಣ್ಯ, ನನ್ನದಲ್ಲ.

ಡಬ್ಬಿ ಮಾರುವ ಕಂಪನಿಯ ಹಿರಿಯರು ಬೆಂಗಳೂರಿನಿಂದ ಫೋನ್ ಮಾಡಿದರು. "ನೀರು ತಾಗಿಸಬಾರದು ಅಂತ ಒಂದು ಚೀಟಿ ಅಂಟಿಸಿಬಿಡಿ. ಯಾರಾದರೂ ಇಂಥದ್ದನ್ನ ತೊಳೀತಾರೇನ್ರೀ? ತಪ್ಪು ಅವರದು."

ಸಿಟ್ಟು ನೆತ್ತಿಗೇರಿತು. "ತೊಳಿಯೂದು ತಪ್ಪಲ್ರಿ ಸರ್. ತೊಳದ್ರ ಸಾಯೂದು, ಸತ್ತ ಮ್ಯಾಲೂ ಸುಳ್ಳ ಹೇಳೂದು, ಅದು ತಪ್ಪು. ನಮ್ಮ ಮಂದಿ ಮುಂದಿನ ವರ್ಷನೂ ತೊಳೀತಾರ. ನಾ ಡಬ್ಬಿ ಬದಲ ಮಾಡ್ತೇನಿ, ಮಂದೀನ ಬದಲ ಮಾಡಂಗಿಲ್ಲ."

ಅವರು ನಕ್ಕರು. ಆ ನಗು ನನಗೆ ಬಹಳ ದಿನ ಕೆಲಸಕ್ಕೆ ಬಂತು.

ಸ್ವಿಚ್ ಕಿತ್ತೆ. ತಿರುಪುಗಳನ್ನು ಕಿತ್ತೆ. ಚಾರ್ಜು ಮಾಡುವ ತೂತನ್ನೂ ಮುಚ್ಚಿ, ಮೇಲಿಟ್ಟರೆ ತಾನೇ ಚಾರ್ಜಾಗುವ ಮಣೆ ಮಾಡಿದೆ. ಒಳಗೆ ಅಂಟು ತುಂಬಿ ಡಬ್ಬಿಯ ಬಾಯಿ ಖಾಯಂ ಮುಚ್ಚಿದೆ. ಇನ್ನು ಕೆಲಸ ಬದಲಿಸಬೇಕಾದರೆ ಮೊಬೈಲನ್ನು ಅದರ ಬೆನ್ನಿಗೆ ತಾಗಿಸಿದರಾಯಿತು. ಇಂದು ಎಕ್ಸ್‌ರೇ ಕೋಣೆಯದು ನಾಳೆ ಗುಜರಿ ಅಂಗಡಿಯದಾಗುತ್ತದೆ. ಕೆಳಗಿನ ಮೋಟಾರು ಅಂಗಡಿಯ ಯಜಮಾನರು ಅದನ್ನು ಹೊರಳಿಸಿ ಹೊರಳಿಸಿ ನೋಡಿ, "ಬಿಚ್ಚಾಕ ಬರದ ಸಾಮಾನ ಯಾರ ತಗೋತಾರವಾ?" ಎಂದರು. ಆಮೇಲೆ ಉಳಿ ತಂದು ಅರ್ಧ ತಾಸು ಗುದ್ದಾಡಿ ಸೋತರು. ಬಸವನ ಬಾಗೇವಾಡಿಯಲ್ಲಿ ಜೋಳದ ರಾಶಿ ಮಾಡುವ ಯಂತ್ರಕ್ಕೆ ಡಬ್ಬಿಯನ್ನು ಎರಡು ದಿನ ಕಟ್ಟಿಬಿಟ್ಟೆ. ನನ್ನ ಮೂಗಿನೊಳಗೆ ಹೋದ ದೂಳು ಅದರೊಳಗೆ ಹೋಗಲಿಲ್ಲ.

ಮುಚ್ಚಿದರಷ್ಟೇ ಸಾಲದು, ಸತ್ತರೆ ಸತ್ತೆ ಎಂದು ಅದೇ ಹೇಳಬೇಕು. ನೆಲದಿಂದ, ಆಕಾಶದಿಂದ ಒಂದಿಷ್ಟು ಕಿರಣ ಎಲ್ಲ ಕಡೆ, ಎಲ್ಲ ಹೊತ್ತೂ ಬರುತ್ತಿರುತ್ತದೆ. ಜೀವವಿರುವ ಕೊಳವೆ ಅದನ್ನು ಎಣಿಸುತ್ತಲೇ ಇರುತ್ತದೆ. ಆ ಎಣಿಕೆ ಎರಡು ನಿಮಿಷ ನಿಂತರೆ, ಡಬ್ಬಿ ಯಾವ ಕೆಲಸದಲ್ಲಿದ್ದರೂ ಅಂಕಿಯನ್ನು ಆರಿಸಿ ಒದರುವಂತೆ ಮಾಡಿದೆ. ಬರೀ ಸೊನ್ನೆ ತೋರಿಸುವುದನ್ನು ಅದರಿಂದ ತೆಗೆದೇ ಹಾಕಿದೆ.

ಮರುವರ್ಷದ ಖಂಡೆಪೂಜೆಗೆ ಹೊಸ ಡಬ್ಬಿ ಹಿಡಿದು ಇಂಡಿಗೆ ಹೋದೆ. ಆಕೆಯ ಮಗಳು ಆಗಲೇ ಅಂಬೆಗಾಲಿಡುತ್ತಿದ್ದಳಂತೆ. ಕೇಂದ್ರದ ಗೋಡೆಯ ಮೇಲೆ ಕಂಪನಿಯವರು ಕಳಿಸಿದ ಚೀಟಿ ಇತ್ತು: ಉಪಕರಣಕ್ಕೆ ನೀರು ತಾಗಿಸಬಾರದು. ಆಕೆ ಹೊಸ ಡಬ್ಬಿಯನ್ನು ಒಣ ಬಟ್ಟೆಯಿಂದ ಒರೆಸಿ, ಬೆರಳ ತುದಿಯಲ್ಲಿ ಅಳುಕುತ್ತಾ ವಿಭೂತಿ ಹಚ್ಚತೊಡಗಿದಳು. ತಪ್ಪು ಮಾಡಿದವಳು ನಾನು, ಹೆದರುತ್ತಿದ್ದವಳು ಆಕೆ.

ಚೀಟಿಯನ್ನು ಹರಿದು ಹಾಕಿದೆ. "ತೊಳೀರಿ," ಎಂದೆ.

"ಬ್ಯಾಡ್ರಿ ಅಕ್ಕಾರ."

ನಾನೇ ಡಬ್ಬಿಯನ್ನು ಬಕೆಟ್ಟಿನಲ್ಲಿ ಮುಳುಗಿಸಿದೆ. ಎಣಿಸುವ ಕೆಂಪು ದೀಪ ನೀರಿನೊಳಗೂ ಮಿಣುಕುತ್ತಿತ್ತು. ಆಕೆ ಬಗ್ಗಿ ನೋಡಿದಳು, ಬಹಳ ಹೊತ್ತು ನೋಡಿದಳು. ಆಮೇಲೆ ಎತ್ತಿಕೊಂಡು ತಿಕ್ಕಿ ತಿಕ್ಕಿ ತೊಳೆದಳು.

"ಬದುಕಿದ್ದು ಕಂಡೆ. ಸತ್ರ ಹ್ಯಾಂಗ ಒದರತೈತಿ, ಅದನ್ನೊಮ್ಮೆ ಕೇಳಸ್ರಿ," ಎಂದಳು.

ಮೊಬೈಲು ತಾಗಿಸಿ ಕೊಳವೆಯ ವಿದ್ಯುತ್ತನ್ನು ನಿಲ್ಲಿಸಿದೆ. ಎರಡು ನಿಮಿಷ ಕಾದೆವು. ಅಂಕಿ ಆರಿತು, ಡಬ್ಬಿ ಒದರತೊಡಗಿತು. ಹೊರಗೆ ಬೆಂಚಿನ ಮೇಲೆ ಕೂತಿದ್ದವರು ಎದ್ದು ಬಂದು ಬಾಗಿಲಲ್ಲಿ ಇಣುಕಿದರು. ಆಕೆ ಅದನ್ನು ನಿಲ್ಲಿಸಲು ಬಿಡಲಿಲ್ಲ.

"ಆವತ್ತ ಹಿಂಗ ಒದರಬೇಕಿತ್ರಿ," ಎಂದಳು.

"ಹೌದ್ರಿ," ಎಂದೆ.