ತಡಿಕೆಯಾಚೆಯ ಮೇಷ್ಟ್ರು

ಮಡಕಶಿರಾ ಬಸ್ ಸ್ಟ್ಯಾಂಡಿನ ಹತ್ತಿರ ಹೊಸದಾಗಿ ಒಂದು ಹೋಟೆಲ್ ಶುರುವಾಗಿದೆ. ಅಡುಗೆಮನೆ ಗಿರಾಕಿಗಳ ಕಣ್ಣಿಗೆ ಬೀಳದಿರಲಿ ಅಂತ ನಡುವೆ ಬಿದಿರಿನ ತಡಿಕೆ ನಿಲ್ಲಿಸಿದ್ದಾರೆ. ಹೋದ ತಿಂಗಳು ಊರಿಗೆ ಬಂದಾಗ ಅದರ ಪಕ್ಕದಲ್ಲೇ ಕೂತಿದ್ದೆ. ಹಸಿ ಬಿದಿರಿನ ವಾಸನೆ ಮೂಗಿಗೆ ಬಡಿಯಿತು. ಕಾಫಿ ಹೇಳಿಕೊಳ್ಳುವ ಹಾಗಿರಲಿಲ್ಲ. ಆದರೂ ಎದ್ದು ಹೋಗಲು ಮನಸ್ಸಾಗದೆ ಇನ್ನೊಂದು ತರಿಸಿದೆ.

ನಮ್ಮೂರ ಶಾಲೆ ಅಂದರೆ ಒಂದೇ ಒಂದು ಉದ್ದನೆಯ ಕೋಣೆ, ನಡುವೆ ಇಂಥದ್ದೇ ಒಂದು ತಡಿಕೆ. ಈಚೆ ತೆಲುಗು ಮೀಡಿಯಂ, ಆಚೆ ಕನ್ನಡ ಮೀಡಿಯಂ. ಊರು ಆಂಧ್ರಕ್ಕೆ ಸೇರಿದ್ದರೂ ಬಹುಪಾಲು ಮನೆಗಳಲ್ಲಿ ಆಡುವುದು ಕನ್ನಡವೇ. ಆದರೆ ನಾಳೆ ನೌಕರಿ ಅಂತ ಹೋದರೆ ಕೇಳುವುದು ತೆಲುಗು ಅನ್ನೋದು ಅಪ್ಪಂದಿರ ಲೆಕ್ಕಾಚಾರ. ಹಾಗಾಗಿ ನಮ್ಮಪ್ಪ ನನ್ನನ್ನು ಈಚೆ ಕೂರಿಸಿದ್ದ. ಮನೆಯಲ್ಲಿ ಕನ್ನಡದಲ್ಲಿ ಬೈಸಿಕೊಂಡು ಬಂದು ಶಾಲೆಯಲ್ಲಿ ತೆಲುಗಿನಲ್ಲಿ ಬೈಸಿಕೊಳ್ಳುತ್ತಿದ್ದೆವು. ಅದರಲ್ಲಿ ಯಾರಿಗೂ ಏನೂ ವಿಶೇಷ ಕಾಣಿಸುತ್ತಿರಲಿಲ್ಲ.

ಆಚೆ ಕಡೆಗೆ ಕನ್ನಡ ಹೇಳಿಕೊಡಲು ಒಬ್ಬ ಮೇಷ್ಟ್ರು ಬಂದರು. ರಾಯದುರ್ಗದವರು. ಕುಳ್ಳಗೆ, ತೆಳ್ಳಗೆ, ಬೆಳಗಿನ ಪ್ರಾರ್ಥನೆಯಲ್ಲಿ ಮೇಷ್ಟ್ರುಗಳ ಸಾಲಿನಲ್ಲಿ ಎಲ್ಲಿದ್ದಾರೆಂದು ಹುಡುಕಬೇಕಿತ್ತು. ಅವರ 'ಬರ್ರಿ', 'ಕುಂದರ್ರಿ', 'ಯಾಕ' ಕೇಳಿ ಮೊದಲ ವಾರ ನಮಗೆಲ್ಲ ನಗುವೋ ನಗು. ನಾವು ಅವರಿಗೆ ಇಟ್ಟ ಹೆಸರು ಆಚೆ ಸಾರ್. ಪಠ್ಯಪುಸ್ತಕ ಬರುವುದು ಪ್ರತಿ ವರ್ಷವೂ ತಡ. ಬರುವ ತನಕ ಅವರು ತಮ್ಮ ಮನೆಯಿಂದ ಕಥೆ ಪುಸ್ತಕ ತಂದು ಗಟ್ಟಿಯಾಗಿ ಓದುತ್ತಿದ್ದರು. ಅರ್ಥ ಹೇಳುತ್ತಿರಲಿಲ್ಲ, ಪ್ರಶ್ನೆ ಕೇಳುತ್ತಿರಲಿಲ್ಲ. ಪುಸ್ತಕ ಕೈಗೆ ಬಂತೆಂದರೆ ಆ ಸಣ್ಣ ಮನುಷ್ಯನ ದನಿ ಕೋಣೆ ಪೂರ್ತಿ ತುಂಬುತ್ತಿತ್ತು. ತಡಿಕೆ ದನಿಗೆ ಅಡ್ಡ ಬರುತ್ತದೆಯೇ?

ಈಚೆ ನಮಗೆ ಅದೇ ಹೊತ್ತಿನಲ್ಲಿ ಲೆಕ್ಕದ ಪಾಠ. ಲೆಕ್ಕದ ಸಾರ್ ಕದಿರಿ ಕಡೆಯವರು, ಕನ್ನಡ ಬಾರದು. ಅವರು ಬೋರ್ಡಿನ ಮೇಲೆ ಭಾಗಾಕಾರ ಮಾಡುತ್ತಿದ್ದರೆ ಆಚೆ ಕಥೆಯಲ್ಲಿ ಯಾರೋ ಕೆಸರಿಗೆ ಜಾರಿ ಬಿದ್ದಿರುತ್ತಿದ್ದರು, ಈಚೆ ನಾವು ಕಿಸಕ್ಕೆಂದು ನಗುತ್ತಿದ್ದೆವು. "ಏಂದಿರಾ ಆ ನವ್ವು" ಎಂದು ಅವರು ತಿರುಗಿ ಗದರಿಸಿದರೆ, ಭಾಗಾಕಾರದಲ್ಲಿ ನಗುವಂಥದ್ದು ಏನಿದೆ ಅಂತ ಯಾರು ತಾನೇ ಹೇಳಿಯಾರು. ನಮಗೆ ದೊಡ್ಡ ಆಶ್ಚರ್ಯ ಬೇರೆಯೇ ಇತ್ತು. ನಮ್ಮ ಅಮ್ಮಂದಿರು ಹಿತ್ತಲಲ್ಲಿ ಆಡುವ ಮಾತು ಪುಸ್ತಕದೊಳಗೂ ಇರುತ್ತದೆ ಅನ್ನುವುದು ನಮಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಲೆಕ್ಕದ ಸಾರ್ ದೂರು ಕೊಟ್ಟರು. ಹೆಡ್ ಮೇಷ್ಟ್ರು ಆಚೆ ಸಾರನ್ನು ಕರೆದು ಮೆಲ್ಲಗೆ ಓದಿ ಅಂದರು. ಅವರು ಮರುಮಾತಿಲ್ಲದೆ ದನಿ ತಗ್ಗಿಸಿದರು. ಅದು ಕೇಳಿಸಬೇಕೆಂದು ಈಚೆ ನಾವು ಉಸಿರು ಬಿಗಿಹಿಡಿದು ಕೂರತೊಡಗಿದೆವು. ಕ್ಲಾಸಿಗೆ ಶಿಸ್ತು ಬಂತು ಅಂತ ಲೆಕ್ಕದ ಸಾರಿಗೆ ಬಹಳ ಸಂತೋಷವಾಯಿತು.

ಆಗ ಕೇಳಿದ ಕಥೆಗಳಲ್ಲಿ ಒಂದು ಮಾತ್ರ ಪೂರ್ತಿ ಉಳಿದಿದೆ. ತಾಯಿಯೊಬ್ಬಳು ಮಗನನ್ನು ಅಜ್ಜಿಯ ಮನೆಯಲ್ಲಿ ಬಿಟ್ಟು, ಹುಣಸೆ ಹೂ ಬಿಡುವ ಹೊತ್ತಿಗೆ ಬರುತ್ತೇನೆ ಅಂತ ಹೇಳಿ ಹೋಗುತ್ತಾಳೆ. ಹುಡುಗ ದಿನಾ ಸಂಜೆ ಮೋರಿಯ ಕಟ್ಟೆ ಮೇಲೆ ಕೂತು ಕಾಯುತ್ತಾನೆ. ಹುಣಸೆ ಹೂ ಬಿಟ್ಟಿತು ಅನ್ನುವಲ್ಲಿಗೆ ಬೆಲ್ ಹೊಡೆಯಿತು. ಆಚೆ ಸಾರ್ ಪುಸ್ತಕ ಮುಚ್ಚಿದರು.

ನನ್ನ ಪಕ್ಕ ಕೂರುತ್ತಿದ್ದ ಹುಡುಗಿ ಬೆಲ್ ಆದ ಮೇಲೂ ತಡಿಕೆಯನ್ನೇ ನೋಡುತ್ತಾ ಕೂತಿದ್ದಳು. ಅವಳೂ ಅಜ್ಜಿಯ ಹತ್ತಿರವೇ ಬೆಳೆಯುತ್ತಿದ್ದಳು. ಅವಳಮ್ಮ ಹಿಂದೂಪುರಕ್ಕೆ ಕೂಲಿಗೆಂದು ಹೋದವಳು ತಿರುಗಿ ಬಂದಿರಲಿಲ್ಲ. ಅಲ್ಲಿ ಇನ್ನೊಂದು ಸಂಸಾರ ಮಾಡಿಕೊಂಡಿದ್ದಾಳೆ ಎಂದು ಊರಿಗೆಲ್ಲ ಗೊತ್ತಿತ್ತು. ಅಜ್ಜಿ ಮಾತ್ರ ಯುಗಾದಿಗೆ ಬತ್ತಾಳೆ, ದಸರಾಕ್ಕೆ ಬತ್ತಾಳೆ ಅಂತ ಮೊಮ್ಮಗಳಿಗೆ ಹೇಳಿಕೊಂಡು ಬಂದಿತ್ತು. ಸಂಜೆ ಹಿಂದೂಪುರದ ಬಸ್ಸು ಬರುವ ಹೊತ್ತಿಗೆ ಆ ಹುಡುಗಿ ರೋಡಿನ ಪಕ್ಕ ನಿಂತಿರುತ್ತಿದ್ದಳು.

ಮಧ್ಯಾಹ್ನದ ಬಿಡುವಿನಲ್ಲಿ ಈಚೆಯವರೆಲ್ಲ ಆಚೆಯವರ ಬೆನ್ನು ಬಿದ್ದೆವು. ಕಥೆಯ ಕೊನೆ ಅವರಿಗೆ ಗೊತ್ತಿರಬೇಕು ಅನ್ನೋದು ನಮ್ಮ ನಂಬಿಕೆ. ಅವರಿಗೆ ಏನು ಗೊತ್ತು, ಮಣ್ಣು! ಆದರೂ ಹುರಿದ ಕಡಲೆಕಾಯಿ ಇಸಕೊಂಡು ಒಬ್ಬೊಬ್ಬರು ಒಂದೊಂದು ಕೊನೆ ಹೇಳಿದರು. ತಾಯಿ ಹೊಸ ಬಟ್ಟೆ ತಗೊಂಡು ಬಸ್ಸಿಳಿದಳು ಅಂತ ಒಬ್ಬಳು. ಕುರಿ ಮೇಯಿಸುವ ಮನೆಯವನೊಬ್ಬ ತಾಯಿಯನ್ನು ಕುರಿಮಂದೆಯ ಹಿಂದೆ ನಡೆಸಿಕೊಂಡು ಬಂದ. ಇನ್ನೊಬ್ಬ ದಾರಿಯಲ್ಲಿ ಹಾವು ಕಚ್ಚಿಸಿ, ಊರವರು ಅಳುತ್ತಿದ್ದಂತೆ ಮತ್ತೆ ಬದುಕಿಸಿದ. ನಾನು ಕೊಟ್ಟ ಕಡಲೆಕಾಯಿಗೆ ನನಗೆ ಸಿಕ್ಕಿದ್ದು ಹಾವಿನ ಕೊನೆ. ನನ್ನ ಪಕ್ಕದವಳು ಯಾರ ಹತ್ತಿರವೂ ಹೋಗಲಿಲ್ಲ.

ಈ ಕಡಲೆಕಾಯಿ ವ್ಯಾಪಾರ ಆಚೆ ಸಾರಿನ ಕಿವಿಗೂ ಬಿತ್ತು. ಅದರ ಜೊತೆಗೆ, ಈಚೆ ಕಡೆ ಅಂಥ ಮನೆಯ ಹುಡುಗಿಯೊಬ್ಬಳು ಕಥೆ ಕೇಳುತ್ತಿದ್ದಾಳೆ ಅನ್ನುವುದನ್ನೂ ಯಾರೋ ಹೇಳಿರಬೇಕು...

ಮಾರನೆಯ ದಿನ ಕಥೆ ಮುಂದುವರಿಯಿತು. ಬಸ್ಸು ಬಂತು, ಬಸ್ಸಿನಿಂದ ತಾಯಿ ಇಳಿದಳು, ಹುಡುಗ ಓಡಿದ. ಆಚೆ ಮಕ್ಕಳು ಚಪ್ಪಾಳೆ ತಟ್ಟಿದರು. ನನಗೆ ಮಾತ್ರ ಏನೋ ಸರಿಯಿಲ್ಲ ಅನ್ನಿಸಿತು. ಸಾರಿನ ದನಿ ಅಲ್ಲಲ್ಲಿ ನಿಂತು ನಿಂತು, ದಾರಿ ಹುಡುಕುವವರ ಹಾಗೆ ಹೋಗುತ್ತಿತ್ತು. ಹಾಳೆ ತಿರುವಿದ ಸದ್ದೂ ಇರಲಿಲ್ಲ. ಅವರ ಮುಖ ನೋಡಿಕೊಂಡು ಕೂತ ಆಚೆಯವರಿಗೆ ಅದು ತಿಳಿಯಲಿಲ್ಲ. ಬರೀ ದನಿಯನ್ನೇ ನೆಚ್ಚಿಕೊಂಡಿದ್ದ ನಮಗೆ ಓದುವುದು ಯಾವುದು, ಹೇಳುವುದು ಯಾವುದು ಅಂತ ಗೊತ್ತಾಗುತ್ತಿತ್ತು.

ನನ್ನ ಪಕ್ಕದವಳು ಎದ್ದು ನಿಂತಳು. ತಡಿಕೆಯ ಕಡೆ ತಿರುಗಿ, "ಸಾ, ಇದು ನೀವು ಹೇಳ್ತಿರಾದು. ಪುಸ್ತಕ್ದಾಗೆ ಏನೈತೋ ಅದನ್ನ ಓದಿ ಸಾ" ಅಂದಳು.

ಇವತ್ತು ಇವಳಿಗೆ ಏಟು ಗ್ಯಾರಂಟಿ ಅಂತ ನಾನು ಲೆಕ್ಕದ ಸಾರ್ ಕಡೆ ನೋಡಿದೆ. ಅವರು ಚಾಕ್‌ಪೀಸನ್ನು ಮೇಜಿನ ಮೇಲಿಟ್ಟರು. ಆಮೇಲೆ ತಡಿಕೆಯ ಕಡೆ ಮುಖ ಮಾಡಿ, "ಚದವಂಡಿ ಸಾರ್" ಅಂದರು. ಓದಿ ಸಾರ್, ಅಂತ. ಕನ್ನಡ ಬಾರದ ಆ ಮನುಷ್ಯ ಅಷ್ಟು ದಿನವೂ ನಮ್ಮ ಜೊತೆಗೇ ಕಥೆ ಕೇಳುತ್ತಿದ್ದರು.

ತಡಿಕೆಯಾಚೆ ಹಾಳೆ ತಿರುವಿದ ಸದ್ದು ಬಂತು. ಆಚೆ ಸಾರ್ ಮೊದಲಿನ ದನಿಯಲ್ಲಿ ಓದಿದರು. ಹುಣಸೆ ಹೂ ಉದುರಿತು, ಕಾಯಿ ಆಯಿತು, ಹಣ್ಣಾಯಿತು, ಬಡಿದು ಸಂತೆಗೆ ಹಾಕಿದರು. ತಾಯಿ ಬರಲಿಲ್ಲ. ಹುಡುಗ ಒಂದು ಸಂಜೆ ಕಟ್ಟೆಯಿಂದ ಇಳಿದು, ಅಜ್ಜಿಯ ಜೊತೆ ನೀರಿಗೆ ಹೋದ. ಅಲ್ಲಿಗೆ ಕಥೆ ಮುಗಿಯಿತು. ಆಚೆಯ ಮಕ್ಕಳಲ್ಲಿ ಒಂದಿಬ್ಬರು ಅತ್ತರು. ನನ್ನ ಪಕ್ಕದವಳು ಅಳಲಿಲ್ಲ. ಕೂತು, ಸ್ಲೇಟಿನ ಮೇಲಿದ್ದ ಲೆಕ್ಕ ಮುಗಿಸಿದಳು.

ಬೆಲ್ ಆದ ಮೇಲೆ ಆಚೆ ಸಾರ್ ಈಚೆ ಬಂದರು. ಅವಳ ಮುಂದೆ ನಿಂತು, "ಊಟ ಆತೇನವ್ವ?" ಅಂತ ಕೇಳಿದರು. ಆಗಿನ್ನೂ ಬೆಳಗಿನ ಹೊತ್ತು. ಅವಳು ಹೂಂ ಅಂದಳು.

ಮುಂದಿನ ವರ್ಷ ನಾನು ಅಪ್ಪನ ಹತ್ತಿರ ಹಟ ಮಾಡಿ ಆಚೆ ಕಡೆ ಸೇರಿದೆ. ಕೊನೆಗೆ ಕನ್ನಡ ಟೀಚರೇ ಆದೆ. ರಾಯದುರ್ಗದ ಹತ್ತಿರದ ಕಣೇಕಲ್ಲಿಗೆ ಪೋಸ್ಟಿಂಗ್ ಆದಾಗ, ರಿಟೈರಾಗಿ ತಮ್ಮೂರಿನಲ್ಲೇ ಇದ್ದ ಆಚೆ ಸಾರನ್ನು ನೋಡಿಕೊಂಡು ಬಂದೆ. ಕಣ್ಣು ಮಂಜಾಗಿತ್ತು, ಓದುವುದು ನಿಂತಿತ್ತು. ನನ್ನ ಸುದ್ದಿ ಕೇಳುವ ಮೊದಲೇ ಅವಳ ಸುದ್ದಿ ಕೇಳಿದರು. "ಆ ಹುಡಿಗಿ ಏನಾತವ್ವ? ನಾ ಅವತ್ತು ಅದನ್ನ ಓದಬಾರದಿತ್ತೇನೋ. ಒಂದು ಸುಳ್ಳಿಗೆ ನಂದೇನು ಗಂಟು ಹೋಗ್ತಿತ್ತು?" ಅವಳಿಗೆ ಮಡಕಶಿರಾ ಹತ್ತಿರದ ಗುಡಿಬಂಡೆ ಕಡೆ ಮದುವೆಯಾಗಿದೆ ಅನ್ನೋದಷ್ಟೇ ನನಗೆ ಗೊತ್ತಿದ್ದದ್ದು, ಅದನ್ನೇ ಹೇಳಿದೆ.

ಈಗ ನನ್ನ ಕ್ಲಾಸಿನಲ್ಲಿ ಕಥೆ ಮುಗಿದ ಕೂಡಲೇ ಮಕ್ಕಳು ಇದು ಎಷ್ಟು ಮಾರ್ಕಿಗೆ ಬರುತ್ತೆ ಅಂತ ಕೇಳುತ್ತಾರೆ. ಅವರ ತಪ್ಪೇನಿಲ್ಲ, ಕೇಳುವುದನ್ನು ನಾವೇ ಕಲಿಸಿದ್ದೇವೆ. ಅಪರೂಪಕ್ಕೆ ಒಂದು ಮಗು ಏನೂ ಕೇಳದೆ ಕಿಟಕಿಯಾಚೆ ನೋಡುತ್ತಾ ಕೂತುಬಿಡುತ್ತದೆ. ಅದನ್ನು ನಾನು ಎಬ್ಬಿಸಿ ಪ್ರಶ್ನೆ ಕೇಳುವುದಿಲ್ಲ.

ಹೋಟೆಲಿನಲ್ಲಿ ಎರಡನೆಯ ಕಾಫಿ ಕುಡಿದವಳು ಅವತ್ತೇ ಗುಡಿಬಂಡೆಯ ಆಟೋ ಹತ್ತಿದೆ. ವಿಚಾರಿಸಿಕೊಂಡು ಹೋದರೆ ಅವಳು ಕನಕಾಂಬರದ ತೋಟದಲ್ಲಿದ್ದಳು. ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು, ಆಮೇಲೆ ಕೈ ಬಿಡಲೇ ಇಲ್ಲ. ಆ ಕಥೆಯ ಮಾತನ್ನು ನಾನೇ ತೆಗೆದೆ. ಹೂ ಬಿಡಿಸುತ್ತಲೇ ಹೇಳಿದಳು.

"ಅಜ್ಜಿ ಸಾಯಾಗಂಟ ಬತ್ತಾಳೆ ಬತ್ತಾಳೆ ಅಂತಾನೇ ಅಂತಿತ್ತು. ಬರಾಕಿಲ್ಲ ಅಂತ ನನ್ಗೆ ಹೇಳ್ದೋರು ಅವ್ರೊಬ್ರೇ. ಅವತ್ನಿಂದ ನಾನು ರೋಡಿಗೆ ಹೋಗಾದ್ ಬಿಟ್ಟೆ. ಆಮ್ಯಾಲೇ ಕಣೆ ನಂಗೆ ರಾತ್ರಿ ನಿದ್ದೆ ಬರಾಕ್ ಶುರುವಾಗಿದ್ದು."

ಮಡಿಲು ತುಂಬಿದ ಹೂವನ್ನು ಪುಟ್ಟಿಗೆ ಸುರಿದು ನನ್ನ ಕಡೆ ತಿರುಗಿದಳು. "ನೀನು ರಾಯದುರ್ಗದ ಕಡೇಲೇ ಇದ್ದೀಯಲ್ಲ. ಸಾರ್ ಸಿಕ್ರೆ, ನಾನು ಚೆನ್ನಾಗಿದ್ದೀನಿ ಅಂತ ಹೇಳು."

ಆಚೆ ಸಾರ್ ಹೋಗಿ ಎರಡು ವರ್ಷವಾಗಿತ್ತು. ಹೇಳ್ತೀನಿ ಅಂದುಬಿಡುವುದು ಸುಲಭವಿತ್ತು, ಬಾಯಿಯ ತನಕ ಬಂದಿತ್ತು ಕೂಡ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ಅವರಿಲ್ಲ ಕಣೆ" ಅಂದೆ.

ಅವಳು ತಲೆಯಾಡಿಸಿದಳು. ಸ್ವಲ್ಪ ಹೊತ್ತು ಇಬ್ಬರೂ ಒಂದೇ ಸಾಲಿನಲ್ಲಿ ಹೂ ಬಿಡಿಸಿದೆವು.